ಕಿತ್ತಳೆ ಬಕೆಟ್ಟು ಪಾಸು ಮಾಡಿದವಳು

ಯುದ್ಧದ ಬಗ್ಗೆ ಬರೆಯುವವರು ಗಡಿಯಿಂದಲೋ ಬಂಕರಿನಿಂದಲೋ ಶುರುಮಾಡುತ್ತಾರೆ. ನಾನು ಡೊಂಬಿವಲಿ ಸ್ಟೇಷನ್ನಿನಿಂದ ಶುರುಮಾಡಬೇಕಾಗಿದೆ. ಹದಿಮೂರು ವರ್ಷ ನಾನು ಪ್ರತಿ ಬೆಳಿಗ್ಗೆ ಯುದ್ಧಕ್ಕೆ ಹೊರಡುತ್ತಿದ್ದದ್ದು ಅಲ್ಲಿಂದಲೇ. ಊರಿಗೆ ಊರೇ ಮುಂಬಯಿಯ ಕಡೆ ಮುಖಮಾಡಿ ಬಾಗಿಲಲ್ಲಿ ನೇತಾಡುತ್ತಿದ್ದಾಗ ನಾನು ಉಲ್ಟಾ ದಿಕ್ಕಿನ ಲೋಕಲ್ ಹತ್ತಿ, ಕಿಟಕಿ ಪಕ್ಕ ಕೂತು, ಡಬ್ಬಿಯಲ್ಲಿದ್ದ ಎರಡು ಇಡ್ಲಿ ಮುಗಿಸುವಷ್ಟರಲ್ಲಿ ಅಂಬರನಾಥ ಬರುತ್ತಿತ್ತು. ಇಷ್ಟು ಆರಾಮವಾಗಿ ಯುದ್ಧಕ್ಕೆ ಹೋದವರು ಇತಿಹಾಸದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ನಮ್ಮದು ಅಂಬರನಾಥದ ಕೈಗಾರಿಕಾ ವಸಾಹತಿನ ಒಂದು ದೊಡ್ಡ ಶೆಡ್ಡು. ಯಾವುದೋ ದೇಶದಲ್ಲಿ ಗುಂಡು ಹಾರಿ, ಜನ ಮನೆಮಠ ಬಿಟ್ಟು ಓಡಿ ಡೇರೆಗಳಲ್ಲಿ ಕೂತರೆ, ಅವರಿಗೆ ಹಂಚುವ ಸಾಮಾನನ್ನು ನಾವು ಇಲ್ಲಿ ಕಟ್ಟಿ ಕಳಿಸುತ್ತಿದ್ದೆವು. ಪರಿಹಾರ ಸಂಸ್ಥೆಗಳು ಆರ್ಡರ್ ಕೊಡುತ್ತಿದ್ದವು, ನಾವು ಗುತ್ತಿಗೆದಾರರು. ಒಂದು ಕುಟುಂಬಕ್ಕೆ ಒಂದು ಮುಚ್ಚಳದ ಬಕೆಟ್ಟು, ಅದರೊಳಗೆ ಪಾತ್ರೆ, ಸೋಪು, ಬಾಚಣಿಗೆ, ಬಟ್ಟೆಬರೆ. ಇದಕ್ಕೆ ಫ್ಯಾಮಿಲಿ ಕಿಟ್ ಎಂದು ಹೆಸರು. ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ನನ್ನ ಸಹಿ ಇಲ್ಲದೆ ಒಂದು ಬಾಚಣಿಗೆಯೂ ಗೇಟು ದಾಟುವಂತಿರಲಿಲ್ಲ. ಈಗ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಟ್ಯಾಬ್ಲೆಟ್ಟು, ಸ್ಕ್ಯಾನರ್ರು ಎಲ್ಲ ಕೊಡುತ್ತಾರಂತೆ. ನನಗೆ ಕೊಟ್ಟದ್ದು ಒಂದು ಅಳತೆ ಪಟ್ಟಿ, ಒಂದು ಸ್ಪ್ರಿಂಗ್ ತಕ್ಕಡಿ ಮತ್ತು ಒಂದು ರಿಜಿಸ್ಟರು. ರಿಜಿಸ್ಟರಿನಲ್ಲಿ ಮೂರು ಕಾಲಂ: ಲಾಟು, ಫಲಿತಾಂಶ, ದೋಷ.

ದೇಶಗಳ ಹೆಸರು ನಮಗೆ ಗೊತ್ತಿರಲಿಲ್ಲವೆಂದಲ್ಲ, ಬೇಕಾಗಿರಲಿಲ್ಲ. ಒಂದೊಂದು ಯುದ್ಧಕ್ಕೂ ಒಂದೊಂದು ಲಾಟ್ ನಂಬರು. ಎಲ್ಲಿ ಶಾಂತಿ ಒಪ್ಪಂದವಾದರೂ ನಮ್ಮಲ್ಲಿ ಓವರ್‌ಟೈಮ್ ನಿಲ್ಲುತ್ತಿತ್ತು. ದಸರೆಯ ದಿನ ಯಂತ್ರಕ್ಕೆ ಹೂ ಹಾಕಿ, ತೆಂಗಿನಕಾಯಿ ಒಡೆದು, ಬರುವ ವರ್ಷ ಆರ್ಡರ್ ಚೆನ್ನಾಗಿ ಬರಲಿ ಎಂದು ಮಾಲೀಕರು ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದರು. ದೇವರಿಗೆ ಅದರ ಅರ್ಥ ಆಗುತ್ತಿತ್ತೋ ಇಲ್ಲವೋ! ನಾನೂ ಕೈಮುಗಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಡೊಂಬಿವಲಿಯ ಮನೆಯ ಸಾಲದ ಕಂತಿತ್ತು.

ಇನ್ನು ಮ್ಯಾನೇಜರ್ ಮೂರ್ತಿಯವರು. ಮೈಸೂರಿನವರು, ಖಾರಘರದಲ್ಲಿ ಹದಿನೆಂಟನೆಯ ಮಹಡಿಯಲ್ಲಿ ಮನೆ. ಬೈಯುವಾಗಲೂ ‘ದಯವಿಟ್ಟು’ ಎಂದು ಶುರುಮಾಡುವ ಸಭ್ಯರು. ಆದರೆ ಹೆಂಗಸರಿಗೆ ಸಂಬಂಧಪಟ್ಟ ಸಾಮಾನಿನ ಹೆಸರು ಹೇಳಬೇಕಾದರೆ ಅವರ ಗಂಟಲು ಕಟ್ಟುತ್ತಿತ್ತು. ಫ್ಯಾಮಿಲಿ ಕಿಟ್ಟಿನ ಪಟ್ಟಿಯಲ್ಲಿ ಹದಿನಾಲ್ಕನೆಯದು ತಿಂಗಳ ಬಟ್ಟೆ. ಅದನ್ನು ಅವರು ‘ಆ ಹದಿನಾಲ್ಕು’ ಎನ್ನುತ್ತಿದ್ದರು. ಬೇಲಾಪುರದ ನಮ್ಮ ಮುಖ್ಯ ಕಚೇರಿಯಲ್ಲಿ ಅದರ ಬಗ್ಗೆ ಮೀಟಿಂಗ್ ಆಯಿತು. ಐದು ಜನ ಗಂಡಸರು, ಮತ್ತೆ ನಾನು. ಒಂದೂವರೆ ಗಂಟೆ ಮಾತಾಡಿದರು, ಒಬ್ಬರ ಬಾಯಲ್ಲೂ ಆ ವಸ್ತುವಿನ ಹೆಸರು ಬರಲಿಲ್ಲ. ಹದಿನಾಲ್ಕು ಬಿಳಿಯದಿರಬೇಕು, ಬಿಳಿ ಎಂದರೆ ಶುದ್ಧ ಎಂದು ತೀರ್ಮಾನವಾಗುವುದರಲ್ಲಿತ್ತು. ನಾನು ಕೈ ಎತ್ತಿದೆ. ಡೇರೆಯ ಹಗ್ಗದ ಮೇಲೆ, ಬಂದೂಕು ಹಿಡಿದು ತಿರುಗುವವರ ಎದುರಿಗೆ, ಕಲೆಯಾದ ಬಿಳಿ ಬಟ್ಟೆಯನ್ನು ಯಾವ ಹೆಂಗಸು ಒಣಹಾಕುತ್ತಾಳೆ ಎಂದು ಕೇಳಿದೆ. ಐದೂ ಜನ ಒಟ್ಟಿಗೆ ನೀರಿನ ಗ್ಲಾಸಿಗೆ ಕೈಹಾಕಿದರು. ಹದಿನಾಲ್ಕು ಕಡುಗೆಂಪಾಯಿತು.

ಆ ದಿನದಿಂದ ನಾನು ಕಂಪನಿಯ ‘ಲೇಡೀಸ್ ಎಕ್ಸ್‌ಪರ್ಟ್’. ಸಂಬಳ ಏರಲಿಲ್ಲ, ಬಿರುದು ಮಾತ್ರ ತಲೆಗೇರಿತು.

ಹೊಲಿದ ಒಳ ಉಡುಪಿನ ಪ್ರಕರಣವನ್ನೂ ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗಕ್ಕೆ ಬಂದೀತು. ಎಲ್ಲರಿಗೂ ಆಗುವ ಒಂದೇ ಅಳತೆ ಬೇಕೆಂದು ಆರ್ಡರಿನಲ್ಲಿತ್ತು. ನಾನು ರಜೆಯಲ್ಲಿ ಉಡುಪಿಗೆ ಹೋಗಿದ್ದೆ. ಮೂರ್ತಿಯವರು ಯಾರನ್ನು ಕೇಳುವುದು? ಮನೆಯಲ್ಲೇ ಕೇಳಿದರು. ಹೀಗೆ ಒಂದು ಇಡೀ ಖಂಡದ ನಿರಾಶ್ರಿತ ಹೆಂಗಸರ ಅಳತೆಯನ್ನು ಖಾರಘರದ ಶ್ರೀಮತಿ ಮೂರ್ತಿಯವರು ನಿಗದಿಮಾಡಿದರು. ಅವರು ಸಣಕಲು ಜೀವ. ಆ ದೇಶದ ಹೆಂಗಸರೋ ಆರಡಿಯವರು. ಎರಡೆರಡನ್ನು ಬಿಚ್ಚಿ ಒಂದು ಹೊಲಿದುಕೊಂಡರು ಎಂದು ಪತ್ರ ಬಂತು. ಮೂರ್ತಿಯವರು ಆ ಪತ್ರವನ್ನು ಮನೆಗೆ ಒಯ್ಯಲಿಲ್ಲ.

ಇಷ್ಟು ನಕ್ಕದ್ದು ಸಾಕು. ನನ್ನ ಸರದಿ ಬಂತು.

ಫ್ಯಾಮಿಲಿ ಕಿಟ್ಟಿನ ಕುಟುಂಬ ಎಂದರೆ ಒಬ್ಬ ಗಂಡ, ಒಬ್ಬಳು ಹೆಂಡತಿ, ಮೂರು ಮಕ್ಕಳು. ಆದ್ದರಿಂದ ಪ್ರತಿ ಬಕೆಟ್ಟಿನಲ್ಲೂ ಒಂದು ಲುಂಗಿ, ಒಂದು ರೇಜರು, ಒಂದು ಶೇವಿಂಗ್ ಸೋಪು. ಯುದ್ಧದಲ್ಲಿ ಗಂಡಸರು ಸಾಯುತ್ತಾರೆ, ಕಾಣೆಯಾಗುತ್ತಾರೆ, ಕಾಡು ಸೇರುತ್ತಾರೆ ಎಂಬ ವಿಷಯ ಪಟ್ಟಿ ಮಾಡಿದವನಿಗೆ ತಲುಪಿರಲಿಲ್ಲ. ಸಮುದ್ರದಾಚೆಯ ಒಂದು ದೇಶದಿಂದ ವರದಿ ಬಂತು, ಅಲ್ಲೂ ನಮ್ಮ ಹಾಗೆ ಲುಂಗಿ ಉಡುವ ಜನ. ಶಿಬಿರದ ಬಹಳಷ್ಟು ಡೇರೆಗಳಲ್ಲಿ ಬರೀ ಹೆಂಗಸರು, ಮಕ್ಕಳು, ಮುದುಕಿಯರು. ರೇಜರುಗಳು ಹಾಗೇ ಬಿದ್ದಿವೆ.

ಲೇಡೀಸ್ ಎಕ್ಸ್‌ಪರ್ಟ್ ಸುಮ್ಮನಿರುತ್ತಾಳೆಯೇ? ಗಂಡಸಿಲ್ಲದ ಕುಟುಂಬಕ್ಕೆ ಬೇರೆಯೇ ಕಿಟ್ ಮಾಡೋಣ ಎಂದೆ. ಲುಂಗಿ, ರೇಜರು ತೆಗೆದು, ಹದಿನಾಲ್ಕನ್ನು ಎರಡು ಪಟ್ಟು ಮಾಡಿ, ಸೂಜಿದಾರ ಸೇರಿಸೋಣ. ಒಳ್ಳೆಯ ವಿಚಾರವೇ. ಆದರೆ ನಾನು ಗೋದಾಮಿನವಳು. ಗೋದಾಮಿನಲ್ಲಿ ಎರಡು ಬಗೆಯ ಸಾಮಾನು ಒಂದೇ ರೀತಿ ಕಂಡರೆ ನಮಗೆ ತುರಿಕೆ ಶುರುವಾಗುತ್ತದೆ. ಹಂಚುವವರು ಮುಚ್ಚಳ ತೆಗೆದು ನೋಡದೆಯೇ ಗುರುತು ಹಿಡಿಯಬೇಕಲ್ಲ? ಅದಕ್ಕೆ ನೀಲಿ ಬಕೆಟ್ಟಿನ ಬದಲು ಕಿತ್ತಳೆ ಬಕೆಟ್ಟು ಎಂದು ಸೂಚಿಸಿದೆ. ಫರ್ಲಾಂಗು ದೂರದಿಂದ ಕಾಣುವ ಕಿತ್ತಳೆ.

ಮೂರ್ತಿಯವರು ಕುರ್ಚಿಯಿಂದ ಎದ್ದು ಕೈಕುಲುಕಿದರು. ಪವರ್‌ಪಾಯಿಂಟ್ ಮಾಡಿದರು. ಬೇಲಾಪುರದಲ್ಲಿ ಚಪ್ಪಾಳೆ. ವಾಶಿಯ ಹೋಟೆಲಿನಲ್ಲಿ ನನಗೊಂದು ಫಲಕ ಕೊಟ್ಟು, ಕಿತ್ತಳೆ ಬಕೆಟ್ಟಿನ ಜೊತೆ ನಿಲ್ಲಿಸಿ ಫೋಟೋ ತೆಗೆದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಆ ಫಲಕವನ್ನು ಟಿವಿಯ ಮೇಲಿಟ್ಟು, ಬಂದ ನೆಂಟರಿಗೆಲ್ಲ ಬಕೆಟ್ಟಿನ ಕಥೆ ಹೇಳಿ, ಕಾಫಿ ಕೊಡಲು ಮರೆಯುತ್ತಿದ್ದೆ.

ಶೆಡ್ಡಿನಲ್ಲಿ ಪ್ಯಾಕಿಂಗ್ ಸಾಲಿನ ಕೊನೆಯಲ್ಲಿ ನೀಲವ್ವ ಎಂಬವಳು ಕೂರುತ್ತಿದ್ದಳು. ವಿಜಾಪುರದ ಕಡೆಯವಳು, ಉಲ್ಹಾಸನಗರದ ಚಾಳಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬದುಕುತ್ತಿದ್ದಳು. ಗಂಡ ಬೇರೆ ಸಂಸಾರ ಹೂಡಿ ಹೋಗಿದ್ದ. ಬಕೆಟ್ಟಿಗೆ ಮುಚ್ಚಳ ಹಾಕಿ ಟೇಪು ಹಚ್ಚುವುದು ಅವಳ ಕೆಲಸ. ಕಿತ್ತಳೆ ಬಕೆಟ್ಟುಗಳ ಮೊದಲ ಲಾಟು ಕಟ್ಟುವ ದಿನ ಅವಳು ಒಂದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಅಕ್ಕಾರ, ಈ ಬಕೀಟ್ ನೋಡಿದ್ರ, ಇವರ ಮನ್ಯಾಗ ಗಂಡಸಿಲ್ಲಂತ ಎಲ್ಲಾರಿಗೂ ಗೊತ್ತಾಕ್ಕೈತಲ್ರಿ?”

“ಗೊತ್ತಾಗಲಿ ಅಂತಲೇ ಮಾಡಿದ್ದು ಮಾರಾಯ್ತಿ. ನೀನು ಟೇಪು ಹಚ್ಚು.”

ಹಚ್ಚಿದಳು. ನಾನು ಪಾಸ್ ಎಂದು ಬರೆದು ಸಹಿ ಹಾಕಿದೆ. ದೋಷದ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ. ಕಂಟೇನರು ಬಂದರಿಗೆ ಹೋಯಿತು.

ಎಂಟು ತಿಂಗಳಾದ ಮೇಲೆ ಎರಡನೆಯ ಲಾಟು ತಯಾರಾಗಿ ನಿಂತಿತ್ತು. ಕಂಟೇನರು ಬರಲು ಮೂರು ದಿನವಿರುವಾಗ ಆ ದೇಶದಿಂದ ಒಬ್ಬ ಹೆಂಗಸು ನಮ್ಮ ಶೆಡ್ಡು ನೋಡಲು ಬಂದರು. ಯುದ್ಧಕ್ಕೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಈಗ ಶಿಬಿರದ ಗೋದಾಮು ನೋಡಿಕೊಳ್ಳುವವರು. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆದೆವು. ಮೂರ್ತಿಯವರು ಹೂಗುಚ್ಛ ಕೊಟ್ಟರು, ಸಮೋಸ ತರಿಸಿದರು, ನನ್ನನ್ನು ತೋರಿಸಿ ಈ ಬಕೆಟ್ಟಿನ ಹಿಂದಿನ ತಲೆ ಇವರದೇ ಎಂದು ಪರಿಚಯಿಸಿದರು. ನಾನು ಸೆರಗು ಸರಿಮಾಡಿಕೊಂಡೆ.

ಟೀಚರ್ ಸಮೋಸ ಮುಟ್ಟಲಿಲ್ಲ. ಮಾಡಿನವರೆಗೆ ಪೇರಿಸಿಟ್ಟ ಕಿತ್ತಳೆ ಬಕೆಟ್ಟುಗಳನ್ನು ನೋಡುತ್ತಾ ನಿಂತರು. ಇವನ್ನು ಕಳಿಸಬೇಡಿ ಎಂದು ಹೇಳಲಿಕ್ಕೇ ಬಂದೆ ಎಂದರು. ಮೂರು ಪತ್ರ ಬರೆದರೂ ಉತ್ತರ ಬರಲಿಲ್ಲವಂತೆ. ಆ ಪತ್ರಗಳಲ್ಲಿ ಅವರು ಲುಂಗಿ ವಾಪಸು ಸೇರಿಸಿ ಎಂದು ಕೇಳಿದ್ದರು. ಹೆಂಗಸರ ಕಿಟ್ಟಿಗೆ ಲುಂಗಿ ಕೇಳುವವರು ಯಾರೋ ಗಂಡಸರೇ ಇರಬೇಕೆಂದು ನಮ್ಮ ಆಫೀಸಿನವರು ಅವನ್ನು ‘ದುರುಪಯೋಗ’ ಎಂಬ ಫೈಲಿಗೆ ಹಾಕಿದ್ದರು.

ಶಿಬಿರದಲ್ಲಿ ನೀರಿನ ಬಕೆಟ್ಟು ಇರುವುದು ಡೇರೆಯ ಹೊರಗೆ, ಬಾಗಿಲ ಬಳಿ. ಒಳಗೆ ಜಾಗವಿಲ್ಲ. ಶಿಬಿರದ ಬೇಲಿಯ ಆಚೆ ಒಂದು ಕಡೆಯ ಬಂದೂಕಿನವರು, ಈಚೆ ಇನ್ನೊಂದು ಕಡೆಯವರು. ಕಾಯುವವರು ಯಾರು, ಕಾಡುವವರು ಯಾರು ಎಂದು ಹೆಂಗಸರಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ ಎಂದರು ಟೀಚರ್. ಆಮೇಲೆ ಇಂಗ್ಲಿಷಿನಲ್ಲಿ, ಪಾಠ ಹೇಳುವ ಹಾಗೆ ನಿಧಾನವಾಗಿ, ಇಷ್ಟು ಹೇಳಿದರು:

“ಮೊದಲು ಯಾವ ಡೇರೆಯಲ್ಲಿ ಗಂಡಸಿಲ್ಲ ಎಂದು ಅವರು ವಿಚಾರಿಸಿ ತಿಳಿಯಬೇಕಿತ್ತು. ಯಾರನ್ನಾದರೂ ಕೇಳಬೇಕಿತ್ತು. ಈಗ ಕೇಳಬೇಕಾಗಿಲ್ಲ.”

ಕೆಲವರು ಬಕೆಟ್ಟಿಗೆ ಮಸಿ ಬಳಿದರಂತೆ, ನೀರು ಬಿದ್ದು ಅದು ತೊಳೆದುಹೋಯಿತು. ಕೆಲವರು ಎಸೆದೇ ಬಿಟ್ಟರಂತೆ. ಕೊಟ್ಟ ಸಾಮಾನು ಕಳೆದುಕೊಂಡರೆಂದು ಶಿಬಿರದ ಅಧಿಕಾರಿ ಅವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿದ. ಅವನೂ ನನ್ನ ಹಾಗೆ ಗುರುತುಗಳ ಭಕ್ತನಿರಬೇಕು. ಒಬ್ಬ ಮುದುಕಿಯ ಬಳಿ ಸತ್ತ ಮಗನ ಲುಂಗಿಯೊಂದು ಉಳಿದಿತ್ತು. ಅದನ್ನು ಅವಳು ಸರದಿಯ ಪ್ರಕಾರ ಡೇರೆಯಿಂದ ಡೇರೆಗೆ ಕೊಡುತ್ತಿದ್ದಳು. ಯಾರ ಹಗ್ಗದ ಮೇಲೆ ಆ ಲುಂಗಿ ಒಣಗುತ್ತಿತ್ತೋ ಆ ಡೇರೆಗೆ ಆ ದಿನ ಯಾರೂ ನುಗ್ಗುತ್ತಿರಲಿಲ್ಲ.

ಮೂರ್ತಿಯವರ ಮುಖ ಬಿಳಿಚಿತು. ಕೆಟ್ಟ ಮನುಷ್ಯರಲ್ಲ ಅವರು, ಫೈಲಿನ ಮನುಷ್ಯರು. ಟೀಚರನ್ನು ಕೂರಿಸಿ ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಿ ಸುಮತಿಯವ್ರೆ, ಬಣ್ಣ ತಪ್ಪು ಅಂತ ನಾವು ಬರೆದ್ರೆ, ಮೊದ್ಲು ಯಾಕೆ ಹಾಕಿದ್ರಿ ಅಂತಾರೆ. ಫೋಟೋ ಎಲ್ಲ ವರದೀಲಿ ಬಂದ್‌ಬಿಟ್ಟಿದೆ. ಒಂದು ಕಮಿಟಿ ಮಾಡ್ತಾರೆ. ಕಮಿಟಿ ಕೂರೋಷ್ಟ್ರಲ್ಲಿ ಹಡಗು ಹೋಗಿರತ್ತೆ.”

“ಹಾಗಾದ್ರೆ ಎಂತ ಮಾಡುದು ಸರ್?”

ಅವರು ಟೀಚರಿಗೆ ಚಹಾ ತರಿಸಲು ಹೋದರು. ನಾನು ಸೀದಾ ನೀಲವ್ವನ ಹತ್ತಿರ ಹೋಗಿ ಕೂತೆ. ಅಷ್ಟು ವರ್ಷ ಒಂದೇ ಶೆಡ್ಡಿನಲ್ಲಿದ್ದೂ ಅವಳ ಪಕ್ಕ ನಾನು ಕೂತದ್ದು ಅದೇ ಮೊದಲು. ಟೀಚರ್ ಹೇಳಿದ್ದನ್ನೆಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ನಿನಗೆ ಇದು ಹೇಗೆ ಹೊಳೆಯಿತು ಎಂದು ಕೇಳಿದೆ. ಟೇಪು ಕತ್ತರಿಸುತ್ತಲೇ ಹೇಳಿದಳು. ಗಂಡ ಬಿಟ್ಟುಹೋದ ವಾರವೇ ಚಾಳಿನಲ್ಲಿ ಯಾರೋ ಬಾಗಿಲು ತಟ್ಟಿದರಂತೆ. ಮಾರನೆಯ ದಿನ ಅವಳು ಬಾಜಾರಿಗೆ ಹೋಗಿ ಹಳೆಯದೊಂದು ಗಂಡಸರ ಅಂಗಿ ಕೊಂಡು ತಂದು ಹೊರಗಿನ ತಂತಿಯ ಮೇಲೆ ಹಾಕಿದಳು. ವಾರಕ್ಕೆರಡು ಸಲ.

“ಆರ ವರ್ಷ ಆತ್ರಿ ಅಕ್ಕಾರ, ಯಾರೂ ತೊಡಲಾರದ ಅಂಗಿ ಒಗ್ಯಾಕತ್ತೀನಿ. ಅಂವಾ ಇದ್ದಾಗ ಇಷ್ಟ ಸ್ವಚ್ಛ ಒಗದಿದ್ದಿಲ್ಲ.”

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಗೊತ್ತಿದ್ದವಳು ಅವತ್ತೇ ಗಟ್ಟಿಯಾಗಿ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆಯೇ ರೇಗಿದೆ. ನನ್ನ ಬುದ್ಧಿಯನ್ನು ಏನೆನ್ನಬೇಕು!

“ಹೇಳಿದ್ನಲ್ರಿ,” ಎಂದಳು. “ನೀವು ಟೇಪ್ ಹಚ್ಚಂದ್ರಿ.”

ಬೇಲಾಪುರದಲ್ಲಿ ಐದು ಗಂಡಸರಿಗೆ ಪಾಠ ಹೇಳಿ ಬಂದ ಎಕ್ಸ್‌ಪರ್ಟ್ ನಾನು. ಹೆಂಗಸಿಗೆ ಏನು ಬೇಕೆಂದು ಹೆಂಗಸನ್ನೇ ಕೇಳಿ ಎಂದು ಅವರಿಗೆ ಎಷ್ಟು ಸಲ ಹೇಳಿದ್ದೆನೋ. ಕೇಳಬೇಕಾದ ಹೆಂಗಸು ನನ್ನಿಂದ ಹತ್ತು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ನನಗೆ ಅವಳು ಹೆಂಗಸಾಗಿ ಕಂಡಿರಲಿಲ್ಲ, ಪ್ಯಾಕಿಂಗ್ ಆಗಿ ಕಂಡಿದ್ದಳು.

ಆ ಮಧ್ಯಾಹ್ನ ನಾನು ಬಕೆಟ್ಟಿನ ಹಿಡಿಯ ಪರೀಕ್ಷೆ ಮತ್ತೆ ಮಾಡಿದೆ. ನಿಯಮದ ಪ್ರಕಾರ ಬಕೆಟ್ಟಿಗೆ ನೀರು ತುಂಬಿ ಕೊಕ್ಕೆಗೆ ನೇತುಹಾಕಿ ಒಂದು ಹಗಲು ಬಿಡಬೇಕು. ನಾನು ಒದ್ದೆ ಮರಳು ತುಂಬಿದೆ. ಅದರ ಮೇಲೆ ತೂಕದ ಕಲ್ಲಿಟ್ಟೆ. ಹಿಡಿ ಬಾಗಿತು, ಕಿತ್ತು ಬರಲಿಲ್ಲ, ಒಳ್ಳೆಯ ಬಕೆಟ್ಟು ಪಾಪ. ಇನ್ನೊಂದು ಕಲ್ಲಿಟ್ಟೆ. ಕಿತ್ತು ಬಂತು. ರಿಜಿಸ್ಟರಿನಲ್ಲಿ ಫೇಲ್ ಎಂದು ಬರೆದೆ. ದೋಷ: ಹಿಡಿ.

ಮೂರ್ತಿಯವರು ಕಾಗದವನ್ನು ಓದಿ, ಕನ್ನಡಕ ತೆಗೆದು, ಎಷ್ಟು ತೂಕ ಹಾಕಿದ್ರಿ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಸಹಿ ಹಾಕಿ ಬೇಲಾಪುರಕ್ಕೆ ಫೋನ್ ಮಾಡಿದರು. ಹೆಂಗಸರ ಜೀವದ ಪ್ರಶ್ನೆ ಎಂದಿದ್ದರೆ ಮೂರು ತಿಂಗಳು ಹಿಡಿಯುತ್ತಿದ್ದ ಅನುಮತಿ, ಹಿಡಿ ಗಟ್ಟಿಯಿಲ್ಲ ಎಂದದ್ದಕ್ಕೆ ಅರ್ಧ ಗಂಟೆಯಲ್ಲಿ ಬಂತು. ಕಿತ್ತಳೆ ರದ್ದು. ಗೋದಾಮಿನಲ್ಲಿದ್ದ ಹಳೆಯ ಫ್ಯಾಮಿಲಿ ಕಿಟ್ಟನ್ನೇ ಲುಂಗಿ, ರೇಜರು ಸಮೇತ ನೀಲಿ ಬಕೆಟ್ಟಿನಲ್ಲಿ ಕಳಿಸಬೇಕು. ಎರಡು ಪಟ್ಟು ಹದಿನಾಲ್ಕನ್ನು ಮೂರ್ತಿಯವರೇ ಜಗಳವಾಡಿ ಸೇರಿಸಿದರು. ಫೋನಿನಲ್ಲಿ ಆ ವಸ್ತುವಿನ ಹೆಸರನ್ನು ಎರಡು ಸಲ ಜೋರಾಗಿ ಹೇಳಿದರು, ನನ್ನ ಕಿವಿಯಾರೆ ಕೇಳಿದ್ದೇನೆ.

ಆಗ ಮತ್ತೆ ನೀಲವ್ವ ಬಂದಳು, ಈ ಸಲ ತಾನಾಗಿಯೇ. ಕೈಯಲ್ಲಿ ಹೊಸ ಲುಂಗಿ. ಗಂಜಿ ಹಾಕಿ ಮಡಿಸಿ ಇಸ್ತ್ರಿ ಮಾಡಿದ್ದು, ಕಾಗದದ ಚೀಟಿ ಅಂಟಿಸಿದ್ದು. ಇದನ್ನು ಹಗ್ಗದ ಮೇಲೆ ಹಾಕಿದರೆ ಯಾರು ನಂಬುತ್ತಾರೆ ಎಂದಳು. ಹೌದಲ್ಲ! ಟೀಚರ್ ಕೂಡ ತಲೆಯಾಡಿಸಿದರು. ಮೂರ್ತಿಯವರು ಆರ್ಡರಿನ ಪ್ರತಿ ತರಿಸಿ ಓದಿದರು: ‘ಲುಂಗಿ, ಹತ್ತಿಯದು, ಒಂದು.’ ಒಗೆಯಬಾರದು ಎಂದು ಎಲ್ಲೂ ಇರಲಿಲ್ಲ.

ಎರಡು ದಿನ ನಮ್ಮ ಶೆಡ್ಡು ಧೋಬಿಘಾಟಾಯಿತು. ಪ್ಯಾಕಿಂಗಿನ ಹೆಂಗಸರು ಡ್ರಮ್ಮುಗಳಲ್ಲಿ ಸೋಡಾ ಹಾಕಿ ನೆನೆಸಿದರು, ಬಡಿದರು, ಹಿಂಡಿದರು. ಮೂಟೆ ಕಟ್ಟಿಕೊಂಡು ಮನೆಗೂ ಒಯ್ದರು. ಡೊಂಬಿವಲಿಯ ನನ್ನ ಬಾಲ್ಕನಿಯಲ್ಲಿ ಒಂದೇ ಸಲ ಇಪ್ಪತ್ತು ಲುಂಗಿ ಒಣಗುವುದನ್ನು ನೋಡಿ ಸೊಸೈಟಿಯ ಕಾರ್ಯದರ್ಶಿ, ಮನೆಯನ್ನು ಹಾಸ್ಟೆಲ್ ಮಾಡಿದ್ದೀರಾ ಎಂದು ವಿಚಾರಿಸಲು ಬಂದ. ನನ್ನ ಗಂಡ ಹೋಟೆಲಿನ ಕೆಲಸ ಮುಗಿಸಿ ಬಂದವರು, ಇದೆಲ್ಲ ಎಂತದ್ದು ಎಂದು ಕೇಳಿದರು. ನನ್ನ ಫಲಕದ ಬಡ್ಡಿ ಎಂದೆ. ಅವರೂ ಪಂಚೆ ಎತ್ತಿ ಕಟ್ಟಿ ಬಕೆಟ್ಟಿನ ಮುಂದೆ ಕೂತರು. ಹೊಸ ಮಾಲನ್ನು ಹಳೆಯದಾಗಿದೆಯೇ ಎಂದು ಪರೀಕ್ಷಿಸಿ ಪಾಸು ಮಾಡಿದ ಕ್ವಾಲಿಟಿ ಇನ್‌ಸ್ಪೆಕ್ಟರ್ ನಾನೊಬ್ಬಳೇ ಇರಬೇಕು.

ಅನ್ಯಾಯವಾದದ್ದು ನಮಗೆ ಬಕೆಟ್ಟು ಮಾಡಿಕೊಡುತ್ತಿದ್ದ ಉಲ್ಹಾಸನಗರದ ಸೇಠ್‌ಗೆ. ಕಿತ್ತಳೆಯದನ್ನೆಲ್ಲ ಅವರು ವಾಪಸು ಒಯ್ಯಬೇಕಾಯಿತು. ಕಿತ್ತ ಹಿಡಿಯನ್ನು ಬೆರಳಿನಲ್ಲಿ ಸವರಿ, ಇದರಲ್ಲಿ ನೀರು ತುಂಬಿಸಿದ್ದೋ ಅಥವಾ ಆನೆ ಕೂರಿಸಿದ್ದೋ ಎಂದು ಹಿಂದಿಯಲ್ಲಿ ಕೇಳಿದರು. ನಾನು ರಿಜಿಸ್ಟರು ನೋಡುತ್ತಾ ನಿಂತೆ. ಅವರು ಅವನ್ನು ಅಗ್ಗಕ್ಕೆ ಬಾಜಾರಿಗೆ ಬಿಟ್ಟರು. ಮುಂದೆ ಎಷ್ಟೋ ವರ್ಷ ಕಲ್ಯಾಣದಿಂದ ಅಂಬರನಾಥದವರೆಗೆ, ರೈಲಿನ ಕಿಟಕಿಯಿಂದ ನೋಡಿದರೆ, ಹಳಿ ಪಕ್ಕದ ಬಾಗಿಲುಗಳ ಮುಂದೆ ಕಿತ್ತಳೆ ಬಕೆಟ್ಟುಗಳು. ಹೆಂಗಸರು ನೀರು ಹೊರುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು. ಒಂದರ ಹಿಡಿಯೂ ಕಿತ್ತಿದ್ದನ್ನು ನಾನು ನೋಡಲಿಲ್ಲ.

ಕಂಟೇನರಿಗೆ ಬೀಗ ಬಿದ್ದ ದಿನ ಟೀಚರ್ ಹೊರಟರು. ನೀಲವ್ವ ಒಗೆದ ಒಂದು ಲುಂಗಿಯನ್ನು ಮೂಗಿಗೆ ಹಿಡಿದು, ಬೀಡಿಯ ವಾಸನೆ ಒಂದು ಕಡಿಮೆಯಿದೆ ಎಂದು ನಕ್ಕರು. ಅವರು ನಕ್ಕದ್ದರಿಂದ ನನಗೆ ಧೈರ್ಯ ಬಂತು. ಮೂರು ದಿನದಿಂದ ಗಂಟಲಲ್ಲಿದ್ದ ಪ್ರಶ್ನೆಯನ್ನು ಕಾರಿನ ಬಾಗಿಲು ಹಿಡಿದುಕೊಂಡು ಕೇಳಿದೆ. ಮೊದಲ ಲಾಟಿನಿಂದ ತೊಂದರೆಗೆ ಸಿಕ್ಕಿದ ಡೇರೆಗಳು ಎಷ್ಟು? ಒಂದೋ ಎರಡೋ ಎನ್ನಲಿ ಎಂದು ಮನಸ್ಸಿನಲ್ಲಿ ದೇವರನ್ನು ನೆನೆದೆ.

“ನೀವು ಎಷ್ಟು ಬಕೆಟ್ಟು ಕಳಿಸಿದ್ದಿರಿ?” ಎಂದು ಕೇಳಿದರು ಟೀಚರ್. ಹೇಳಿದೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟು, “ಅಷ್ಟೂ ಡೇರೆಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ,” ಎಂದರು. ನಾನು ಕಾರಿನ ಬಾಗಿಲು ಬಿಟ್ಟೆ.

ನಿವೃತ್ತಿಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ ಎಲ್ಲ ಆದ ಮೇಲೆ ನಾನು ಸ್ಟೋರಿಗೆ ಹೋಗಿ ಆ ವರ್ಷದ ರಿಜಿಸ್ಟರು ತೆಗೆಸಿದೆ. ಎರಡು ಪುಟ ತೆರೆದು ನೋಡಿದೆ. ಒಳ್ಳೆಯ ಹಿಡಿಗೆ ಫೇಲ್, ಕೆಳಗೆ ನನ್ನ ಸಹಿ. ಅದಿರಲಿ, ಆ ಸುಳ್ಳಿಗೆ ನಾನು ನಾಚುವುದಿಲ್ಲ. ಮೊದಲ ಲಾಟಿನ ಪುಟದಲ್ಲಿ ‘ದೋಷ: ಇಲ್ಲ’ ಎಂಬುದನ್ನು ಹೊಡೆದುಹಾಕಲು ಪೆನ್ನು ತೆಗೆದೆ. ಸ್ಟೋರಿನ ಕ್ಲಾರ್ಕ್ ಕೈ ಹಿಡಿದ. ಮೇಡಂ, ಆಡಿಟ್ ಆದ ಪುಸ್ತಕ, ಈಗ ಏನೂ ಬರೆಯುವಂತಿಲ್ಲ ಎಂದ. ಅವನು ಹೇಳಿದ್ದು ಸರಿಯೇ. ಹಾಗಾಗಿ ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಈ ಕೆಲಸಕ್ಕೆ ಸೇರುವವರು ಇದಿಷ್ಟನ್ನು ಓದಿದರೂ ಸಾಕು.

ದೋಷ: ಬಣ್ಣ. ಹೇಳಿದವಳು: ನೀಲವ್ವ, ಪ್ಯಾಕಿಂಗ್. ಕೇಳದೆ ಸಹಿ ಹಾಕಿದವಳು: ಸುಮತಿ, ಕ್ವಾಲಿಟಿ. ದೋಷವಿದ್ದ ಬಕೆಟ್ಟುಗಳು: ಎಲ್ಲವೂ.